ಗವೇನ್ ಸೋತದ್ದು ಮೋಹಕ್ಕೋ, ಜೀವಭಯಕ್ಕೋ?

ಎಂ.ಎ. ವಿದ್ಯಾರ್ಥಿನಿ, ದಾವಣಗೆರೆ:
‘ಸರ್ ಗವೇನ್ ಅಂಡ್ ದಿ ಗ್ರೀನ್ ನೈಟ್’ ಎಂಬ ಹಳೆಯ ಇಂಗ್ಲಿಷ್ ಕಾವ್ಯದ ಮೇಲೆ ಸೆಮಿನಾರ್ ಇದೆ. ಆರ್ಥರ್ ರಾಜನ ವೀರ ಗವೇನ್ ಪಂಥಕ್ಕೆ ಒಪ್ಪಿ ಹಸಿರು ವೀರನ ತಲೆ ಕಡಿದು, ವರ್ಷದ ನಂತರ ಅವನಿಂದ ಕೊಡಲಿ ಏಟು ತಿನ್ನಲು ಹೊರಡುವ ಕಥೆ. ಗುರಾಣಿ ಮೇಲೆ ಐದು ಮೂಲೆಯ ನಕ್ಷತ್ರ ಹೊತ್ತ ವೀರ ಎಡವಿದ್ದೆಲ್ಲಿ? ರನ್ನನ ದುರ್ಯೋಧನನ ಜೊತೆ ಹೋಲಿಸಬಹುದಾ?

ದುರ್ಗದ ಓದುಗ:
ಮೋಹಕ್ಕಲ್ಲ. ಮೂರು ದಿನದ ಲೆಕ್ಕ ಹಾಕಿ ನೋಡಿ. ದಾರಿಯಲ್ಲಿ ತಂಗಿದ ಕೋಟೆಯ ಒಡೆಯ ಬೇಟೆಗೆ ಹೋಗುತ್ತಾನೆ, ಗವೇನ್ ಒಳಗೇ ಉಳಿಯುತ್ತಾನೆ; ಒಡೆಯನ ಹೆಂಡತಿ ಅವನನ್ನು ಮೋಹಿಸಲು ನೋಡಿ ಮುತ್ತು ಕೊಡುತ್ತಾಳೆ. ಇಬ್ಬರಿಗೂ ಹಗಲು ಸಿಕ್ಕಿದ್ದನ್ನು ಸಂಜೆ ಅದಲುಬದಲು ಮಾಡಬೇಕು, ಅದು ಗಂಡಸರಿಬ್ಬರ ಒಪ್ಪಂದ. ಜಿಂಕೆಗಳಿಗೆ ಒಂದು ಮುತ್ತು, ಕಾಡುಹಂದಿಗೆ ಎರಡು, ನರಿಯ ತೊಗಲಿಗೆ ಮೂರು. ಮುತ್ತಿನ ಲೆಕ್ಕ ಚುಕ್ತಾ! ಮುಚ್ಚಿಟ್ಟದ್ದು ಪ್ರಾಣ ಕಾಯುತ್ತದೆಂದು ಆಕೆ ಕೊಟ್ಟ ಹಸಿರು ನಡುಪಟ್ಟಿ ಮಾತ್ರ. ಆ ಒಡೆಯನೇ ಹಸಿರು ವೀರ; ಮೊದಲೆರಡು ದಿನ ಗವೇನ್ ನಿಯತ್ತಾಗಿದ್ದುದಕ್ಕೇ ಅವನ ಕೊಡಲಿಯ ಮೊದಲೆರಡು ಏಟು ತಾಗುವುದಿಲ್ಲ. ಪಟ್ಟಿ ಮುಚ್ಚಿಟ್ಟ ತಪ್ಪಿಗೆ ಮೂರನೆಯದು ಕತ್ತಿನ ಚರ್ಮ ಗೀರುತ್ತದೆ, ಹಿಮದ ಮೇಲೆ ರಕ್ತ ಬೀಳುತ್ತದೆ.

ಹಳಗನ್ನಡ ಪ್ರೇಮಿ, ದಾವಣಗೆರೆ:
ಹೋಲಿಸಿ, ಆದರೆ ಜೋಪಾನ. ದುರ್ಯೋಧನನಿಗೆ ಛಲವೇ ಗುಣ, ಛಲವೇ ಮುಳುವು. ಗವೇನನದು ಒಂದು ಗಳಿಗೆಯ ಸಡಿಲಿಕೆ. ಆ ನಕ್ಷತ್ರವನ್ನು ಕವಿ ‘ಕೊನೆಯಿಲ್ಲದ ಗಂಟು’ ಎನ್ನುತ್ತಾನೆ. ಗೆರೆಗಳು ಒಂದರೊಳಗೊಂದು ಹೆಣೆದಿವೆ, ಒಂದು ಎಳೆ ಬಿಚ್ಚಿದರೆ ಇಡೀ ಹೆಣಿಗೆ ಬಿಚ್ಚುತ್ತದೆ. ಕೊನೆಗೆ ಅವನು ಹೆಂಗಸರನ್ನು ದೂರುವ ಮಾತನ್ನೇ ಕವಿಯ ತೀರ್ಪು ಅಂದುಕೊಳ್ಳಬೇಡಿ, ಬಹಳ ಜನ ಮುಗ್ಗರಿಸುವುದು ಅಲ್ಲೇ.

ದುರ್ಗದ ಓದುಗ:
ಇನ್ನೊಂದು: ಪಟ್ಟಿ ಬಚ್ಚಿಟ್ಟ ಮೇಲೆಯೇ ಅವನು ಪಾದ್ರಿಯ ಬಳಿ ತಪ್ಪೊಪ್ಪಿಗೆಗೆ ಹೋಗುವುದು. ಆ ಭಾಗವನ್ನು ಸೆಮಿನಾರಿನಲ್ಲಿ ಖಂಡಿತ ಓದಿ.