ಅಪ್‌ಡೇಟ್: ಪಾರ್ಸೆಲ್ ಖರ್ಚು ಇಳಿಯಿತು, ತಪ್ಪು ಪೆಟ್ಟಿಗೆಯದಾಗಿತ್ತು

ಮರದ ಸಣ್ಣ ಆಟಿಕೆಗಳನ್ನು ಮಾರುವ ನನಗೆ ಲಾಭವೆಲ್ಲ ಪಾರ್ಸೆಲ್ ಖರ್ಚಿಗೇ ಹೋಗುತ್ತಿದೆ, ಅಂಚೆ ಒಳ್ಳೆಯದೋ ಕೊರಿಯರ್ ಒಳ್ಳೆಯದೋ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. "ಮೊದಲು ಪೆಟ್ಟಿಗೆಯನ್ನು ಅಳೆದು ನೋಡಿ" ಎಂದು ಒಬ್ಬರು ಉತ್ತರಿಸಿದ್ದರು. ಆಗ ಸ್ವಲ್ಪ ಸಿಟ್ಟೇ ಬಂದಿತ್ತು, ಈಗ ಅವರಿಗೆ ಕೈ ಮುಗಿಯುತ್ತೇನೆ.

ಅಳೆದೆ. 30×20×15 ಸೆಂಟಿಮೀಟರ್. ಪೆಟ್ಟಿಗೆಯ ಗಾತ್ರಕ್ಕೂ ಒಂದು ತೂಕ ಲೆಕ್ಕ ಹಾಕಲು ಅನೇಕ ಕೊರಿಯರ್‌ಗಳು ಈ ಮೂರನ್ನೂ ಗುಣಿಸಿ 5000ರಿಂದ ಭಾಗಿಸುತ್ತವೆ, ಬಂದದ್ದು 1.8 ಕಿಲೊ. ಒಳಗಿನ ಸರಕು ಪ್ಯಾಕಿಂಗ್ ಸೇರಿ 600 ಗ್ರಾಂ! ಎರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುವುದರಿಂದ ಇಷ್ಟು ದಿನ ನಾನು ಗಾಳಿಗೆ ಹಣ ಕಟ್ಟುತ್ತಿದ್ದೆ. ಈಗ 22×15×8ರ ಪೆಟ್ಟಿಗೆ. ಲೆಕ್ಕದ ತೂಕ 528 ಗ್ರಾಂಗೆ ಇಳಿದಿದೆ, ನಿಜವಾದ ತೂಕಕ್ಕಷ್ಟೇ ಬಿಲ್ಲು.

ಅಡುಗೆಮನೆಯ ತಕ್ಕಡಿ ಈಗ ಪ್ಯಾಕಿಂಗ್ ಮೇಜಿನ ಮೇಲಿದೆ (ಮನೆಯಲ್ಲಿ ಇದಕ್ಕೆ ಒಪ್ಪಿಗೆ ಇನ್ನೂ ಸಿಕ್ಕಿಲ್ಲ). ಮೊನ್ನೆ ಇನ್ನೂ ಚಿಕ್ಕ ಪೆಟ್ಟಿಗೆಯ ಒಂದು ಪಾರ್ಸೆಲ್ 508 ಗ್ರಾಂ ತೂಗಿತು. ಟೇಪಿನ ಎರಡನೆಯ ಸುತ್ತು ಕಿತ್ತು, ದಪ್ಪ ಕಾಗದದ ಬದಲು ತೆಳುವಾದದ್ದನ್ನು ತುರುಕಿದೆ, 494. 500 ಗ್ರಾಂ ದಾಟಿದರೆ ಬೀಳುವ ಮುಂದಿನ ದರದ ಹಂತ ತಪ್ಪಿತು.

ಅಂಚೆಯೋ ಕೊರಿಯರೋ ಎಂಬುದಕ್ಕೆ ಒಂದೇ ಉತ್ತರ ಸಿಗಲಿಲ್ಲ. ಹಗುರವಾದ, ಅಗ್ಗದ ಸರಕನ್ನು ಸಾಮಾನ್ಯ ಅಂಚೆಯಲ್ಲೇ ಕಳಿಸುತ್ತಿದ್ದೇನೆ. ದುಬಾರಿ ಸೆಟ್‌ಗಳಿಗೆ ಮಾತ್ರ ಟ್ರ್ಯಾಕಿಂಗ್ ಮತ್ತು ವಿಮೆ. ಒಂದು ಅಗ್ಗದ ಪಾರ್ಸೆಲ್ ಕಳೆದೇ ಹೋಯಿತು, ಮತ್ತೊಂದು ಕಳಿಸಿದೆ. ಎಲ್ಲದಕ್ಕೂ ಟ್ರ್ಯಾಕಿಂಗ್ ಹಾಕಿಸಿದ್ದರೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತಿತ್ತು.

ವಾಪಸ್ ಬರುವ ಪಾರ್ಸೆಲ್‌ಗಳ ಖರ್ಚು ಯಾರ ತಲೆಯ ಮೇಲೆ ಎಂಬ ಜಗಳ ಮಾತ್ರ ಹಾಗೆಯೇ ಇದೆ.