ಔಟ್‌ಲೆಟ್ ಬಿಒಡಿ ಅಂದಾಜು: ಟೆಸ್ಟ್ ಡೇಟಾದಲ್ಲಿ 0.93, ಪ್ಲಾಂಟಿನಲ್ಲಿ ಕೈಕೊಡುವ ಮಾಡೆಲ್

ಪ್ರಶ್ನೆ (ಎಸ್‌ಟಿಪಿ ಅಂದರೆ ಒಳಚರಂಡಿ ನೀರು ಶುದ್ಧೀಕರಣ ಘಟಕದ ಪ್ರೋಸೆಸ್, ಬಳ್ಳಾರಿ)

ಬಿಒಡಿ (ನೀರಿನ ಕೊಳೆಯನ್ನು ಒಡೆಯಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ) ರಿಪೋರ್ಟಿಗೆ 27 ಡಿಗ್ರಿಯಲ್ಲಿ ಮೂರು ದಿನ ಕಾಯಬೇಕು. ಅಷ್ಟರಲ್ಲಿ ಆ ನೀರು ಹಳ್ಳ ಸೇರಿರುತ್ತದೆ. ಅದಕ್ಕೇ ಇನ್‌ಲೆಟ್ ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಒಡೆಯಲು ಬೇಕಾದ ಆಮ್ಲಜನಕ), ಟಿಎಸ್‌ಎಸ್ (ತೇಲುವ ಘನ ಕಣ), ಪಿಎಚ್, ಕಂಡಕ್ಟಿವಿಟಿ (ಕರಗಿದ ಉಪ್ಪಿನ ಅಳತೆ), ಹರಿವು, ಎಂಎಲ್‌ಎಸ್‌ಎಸ್ (ಏರೇಶನ್ ಟ್ಯಾಂಕಿನ ಸ್ಲಡ್ಜ್ ಪ್ರಮಾಣ), ಜೊತೆಗೆ ಹಿಂದಿನ ದಿನದ ಬಿಒಡಿ ಕೊಟ್ಟು ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಣಯ ಮರಗಳ ಸರಾಸರಿ) ಮಾಡೆಲ್ ಮಾಡಿದ್ದೇವೆ. ಬಿಒಡಿ ವಾರಕ್ಕೆ ಎರಡೇ ಸಲ, ನಡುವಿನ ದಿನಗಳನ್ನು ಇಂಟರ್‌ಪೋಲೇಶನ್‌ನಿಂದ ತುಂಬಿದ್ದೇವೆ. ಶೇ. 20 ಡೇಟಾ ರ‍್ಯಾಂಡಮ್ ಆಗಿ ಪಕ್ಕಕ್ಕಿಟ್ಟು ನೋಡಿದರೆ ಆರ್-ಸ್ಕ್ವೇರ್ (1 ಅಂದರೆ ಪೂರ್ತಿ ಹೊಂದಿಕೆ) 0.93. ಪ್ಲಾಂಟಿನಲ್ಲಿ ಮಾತ್ರ ಲ್ಯಾಬ್ 38 ಮಿಗ್ರಾಂ/ಲೀ ಅಂದ ದಿನ ಮಾಡೆಲ್ 22 ಅನ್ನುತ್ತದೆ. ಜೀನ್ಸ್ ವಾಶಿಂಗ್ ನೀರು ಒಳಚರಂಡಿಗೆ ಬಂದ ದಿನ ಇನ್ನೂ ಕೆಡುತ್ತದೆ. ನ್ಯೂರಲ್ ನೆಟ್‌ವರ್ಕ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ 1 (ಡೇಟಾ ಕೆಲಸ, ರಾಯಚೂರು)

ಇಲ್ಲ ಸರ್. ಆ 0.93 ನಿಮ್ಮ ಇಂಟರ್‌ಪೋಲೇಶನ್‌ಗೆ ಬಂದ ಅಂಕ. ಸೋಮವಾರ 20, ಗುರುವಾರ 26 ಇದ್ದರೆ ನಡುವೆ 22, 24 ತುಂಬಿರುತ್ತೀರಿ. ಹಿಂದಿನ ದಿನದ ಬಿಒಡಿಯೂ ಒಂದು ಕಾಲಂ ಆಗಿರುವಾಗ 22 ನೋಡಿ 24 ಹೇಳುವುದು ಯಾವ ಮಾಡೆಲ್‌ಗೂ ಕಷ್ಟವಲ್ಲ. ಅಸಲಿಗೆ ಆ ಕಾಲಂ ಇವತ್ತು ನಿಮ್ಮ ಕೈಯಲ್ಲೇ ಇರುವುದಿಲ್ಲ, ನಿನ್ನೆಯ ಬಾಟಲಿ ಇನ್ನೂ ಇನ್‌ಕ್ಯುಬೇಟರಿನಲ್ಲಿರುತ್ತದೆ. ರಿಪೋರ್ಟ್ ಬಂದಿರುವ ಕೊನೆಯ ಬಿಒಡಿ ಕೊಡಿ, ಅದು ಎಷ್ಟು ದಿನ ಹಳೆಯದು ಅನ್ನುವುದನ್ನೂ ಕೊಡಿ.

ತುಂಬಿದ ಸಾಲುಗಳನ್ನೆಲ್ಲ ಅಳಿಸಿ. ಡೇಟಾವನ್ನು ದಿನಾಂಕದ ಪ್ರಕಾರ ಒಡೆಯಿರಿ: ಹಳೆಯ ತಿಂಗಳುಗಳು ಕಲಿಕೆಗೆ, ಇತ್ತೀಚಿನವು ಪರೀಕ್ಷೆಗೆ. ವರ್ಷಕ್ಕೆ ನೂರು ಚಿಲ್ಲರೆ ಸಾಲು ಉಳಿಯುತ್ತವೆ, ಅಷ್ಟಕ್ಕೆ ನ್ಯೂರಲ್ ನೆಟ್‌ವರ್ಕ್ ದಂಡ. ಬಿಒಡಿಯ ಲಾಗ್ ಮೇಲೆ ರಿಡ್ಜ್ ರಿಗ್ರೆಶನ್‌ನಿಂದ (ಕಡಿಮೆ ಡೇಟಾಗೆ ಅತಿಯಾಗಿ ಹೊಂದಿಕೊಳ್ಳದಂತೆ ತಡೆಯುವ ಸರಳ ಮಾಡೆಲ್) ಶುರು ಮಾಡಿ. ‘ಕೊನೆಯ ರಿಪೋರ್ಟಿನ ಬಿಒಡಿಯೇ ಇವತ್ತೂ’ ಅನ್ನುವ ಸಾದಾ ಅಂದಾಜನ್ನು ಅದು ಸೋಲಿಸಲೇಬೇಕು. ರ‍್ಯಾಂಡಮ್ ಫಾರೆಸ್ಟ್ ಕಲಿತ ಡೇಟಾದ ಸರಾಸರಿಗಳನ್ನೇ ಕೊಡುವುದರಿಂದ, ತಾನು ಕಂಡ ಗರಿಷ್ಠ ಬಿಒಡಿಯನ್ನು ದಾಟಿ ಎಂದೂ ಹೇಳಲಾರದು.

ಉತ್ತರ 2 (ಲ್ಯಾಬ್)

ಮಾಡೆಲ್ ಮುಟ್ಟುವ ಮೊದಲು ಬಾಟಲಿ ನೋಡಿ. ಔಟ್‌ಲೆಟ್ ಸ್ಯಾಂಪಲ್ ಕ್ಲೋರಿನ್ ಟ್ಯಾಂಕ್ ದಾಟಿದ ಮೇಲೆ ತೆಗೆದದ್ದಾದರೆ ಉಳಿಕೆ ಕ್ಲೋರಿನ್ ಬಾಟಲಿಯೊಳಗಿನ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಬಿಒಡಿ ಸುಳ್ಳಾಗಿ ಕಡಿಮೆ ಬರುತ್ತದೆ. ಕ್ಲೋರಿನ್‌ಗೆ ಮೊದಲೇ ತೆಗೆಯಿರಿ, ಇಲ್ಲವೇ ಸೋಡಿಯಂ ಸಲ್ಫೈಟ್‌ನಿಂದ ಅದನ್ನು ಕಳೆದು ಸೀಡ್ (ಹೊಸ ಬ್ಯಾಕ್ಟೀರಿಯಾ) ಸೇರಿಸಿ. ವಾಶಿಂಗ್ ಘಟಕಗಳ ಬ್ಲೀಚ್ ಇನ್‌ಲೆಟ್ ಸ್ಯಾಂಪಲ್‌ಗೂ ಇದನ್ನೇ ಮಾಡಬಲ್ಲದು. ಬಾಟಲಿಯಲ್ಲಿ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಇಳಿಕೆ ಕನಿಷ್ಠ 2 ಮಿಗ್ರಾಂ/ಲೀ, ಕೊನೆಗೆ ಉಳಿದದ್ದು ಕನಿಷ್ಠ 1 ಇರಬೇಕು. ಇಲ್ಲದ ಬಾಟಲಿಯ ಅಂಕಿಯನ್ನು ಕಲಿಕೆಗೆ ಕೊಡಲೇಬೇಡಿ.

ಜೀನ್ಸ್ ನೀರಿನ ಗುರುತು: ಕಂಡಕ್ಟಿವಿಟಿ ಏರುತ್ತದೆ, ಸಿಒಡಿ ಏರುತ್ತದೆ, ಬಿಒಡಿ ಅಷ್ಟಾಗಿ ಏರುವುದಿಲ್ಲ. ಬಣ್ಣ ಬ್ಯಾಕ್ಟೀರಿಯಾಕ್ಕೆ ಸುಲಭಕ್ಕೆ ದಕ್ಕುವುದಿಲ್ಲ. ಸ್ಟೋನ್ ವಾಶ್‌ನ ಪ್ಯೂಮಿಸ್ ಪುಡಿ ಟಿಎಸ್‌ಎಸ್ ಏರಿಸುತ್ತದೆ, ಬಿಒಡಿಗೆ ಅದರಿಂದ ಏನೂ ಸೇರದು. ಹಾಗಾಗಿ ಮನೆ ನೀರಿನಲ್ಲಿ ಕಲಿತ ಸಿಒಡಿ–ಬಿಒಡಿ ಸಂಬಂಧ ಆ ದಿನ ಮುರಿಯುತ್ತದೆ. ಕಂಡಕ್ಟಿವಿಟಿಯನ್ನು ಸಿಒಡಿಯೊಂದಿಗೆ ಗುಣಿಸಿದ ಕಾಲಂ ಸೇರಿಸಿ, ವಾಶಿಂಗ್ ಘಟಕಗಳ ರಜಾ ದಿನವನ್ನೂ ಗುರುತಿಸಿ. ಕ್ಲೋರೈಡ್ ಜಾಸ್ತಿಯಾದರೆ ಸಿಒಡಿಯೇ ಹೆಚ್ಚು ತೋರಿಸುತ್ತದೆ, ಮರ್ಕ್ಯುರಿಕ್ ಸಲ್ಫೇಟ್ ಸಾಕಷ್ಟು ಹಾಕಿ.

ಉತ್ತರ 3 (ಪ್ಲಾಂಟ್ ಆಪರೇಷನ್, ಕೊಪ್ಪಳ)

ಇವತ್ತಿನ ಇನ್‌ಲೆಟ್‌ಗೆ ಇವತ್ತಿನ ಔಟ್‌ಲೆಟ್ ಜೋಡಿಸಬ್ಯಾಡ್ರಿ. ಟ್ಯಾಂಕಿನ ಗಾತ್ರವನ್ನ ಹರಿವಿನಿಂದ ಭಾಗಿಸ್ರಿ: 10,000 ಘನ ಮೀಟರ್ ಟ್ಯಾಂಕು, ಹರಿವು 10 ಎಂಎಲ್‌ಡಿ (ದಿನಕ್ಕ ಒಂದು ಕೋಟಿ ಲೀಟರ್) ಅಂದ್ರ 24 ತಾಸು. ಆದ್ರ ಟ್ಯಾಂಕಿನಾಗ ನೀರು ಬೆರೀತದ, ಸಾಲು ಹಿಡಿದು ಹೊರಗ ಬರಂಗಿಲ್ಲ. ಅದಕ್ಕ ಒಂದೇ ದಿನದ ಅಂಕಿಗಿಂತ ಹಿಂದಿನ 2–3 ದಿನದ ತೂಕದ ಸರಾಸರಿ ಚಲೋ.

ಔಟ್‌ಲೆಟ್ ಕೆಡೋದು ಬಹಳ ಸಲ ಸ್ಲಡ್ಜ್ (ಬ್ಯಾಕ್ಟೀರಿಯಾದ ಕೆಸರು) ಸರಿಯಾಗಿ ತಳಕ್ಕ ಕೂಡದೇ ಇದ್ದಾಗ. ಒಂದು ಲೀಟರ್ ಸಿಲಿಂಡರಿನಾಗ 30 ನಿಮಿಷ ಬಿಟ್ಟು ನೋಡ್ರಿ. ಸ್ಲಡ್ಜ್ 250 ಮಿಲೀ, ಎಂಎಲ್‌ಎಸ್‌ಎಸ್ 2,500 ಮಿಗ್ರಾಂ/ಲೀ ಇದ್ರ ಎಸ್‌ವಿಐ (ಒಂದು ಗ್ರಾಂ ಸ್ಲಡ್ಜ್ ಹಿಡಿಯೋ ಮಿಲೀ ಜಾಗ) 100. 150 ದಾಟಿದ್ರ ಸ್ಲಡ್ಜ್ ತೇಲಿ ಹೋಗೋ ಲಕ್ಷಣ, ಇನ್‌ಲೆಟ್ ಎಷ್ಟೇ ಚಲೋ ಇದ್ರೂ ಬಿಒಡಿ ಏರ್ತದ. ಎಸ್‌ವಿಐ ಮತ್ತ ಬ್ಲೋವರ್ (ಟ್ಯಾಂಕಿಗೆ ಗಾಳಿ ಊದೋ ಯಂತ್ರ) ಓಡಿದ ತಾಸು, ಇವೆರಡೂ ನಿಮ್ಮ ಪಟ್ಟಿಯಾಗ ಇಲ್ಲ. ಕರೆಂಟ್ ಹೋದ ದಿನ ಮಾಡೆಲ್‌ಗೆ ಹೆಂಗ ಗೊತ್ತಾಗಬೇಕ್ರಿ?

ಪ್ರಶ್ನೆ ಕೇಳಿದವರು

ಎಸ್‌ವಿಐ ರಿಜಿಸ್ಟರ್ ಇದೆ, ಸೇರಿಸುತ್ತೇವೆ. ಔಟ್‌ಲೆಟ್ ಬಿಒಡಿ 30 ಮಿಗ್ರಾಂ/ಲೀ ದಾಟುವ ದಿನಗಳು ಕಡಿಮೆ. ಅಲಾರಂ ಹೇಗೆ ಇಡುವುದು?

ಉತ್ತರ 1

ಸರಾಸರಿ ಅಂದಾಜಿಗೆ ಅಲಾರಂ ಕಟ್ಟಬೇಡಿ, ಅದು ಏರಿಳಿತವನ್ನು ತಟ್ಟಿ ಸಮ ಮಾಡುತ್ತದೆ. ಕ್ವಾಂಟೈಲ್ ರಿಗ್ರೆಶನ್‌ನಲ್ಲಿ ಶೇ. 90ರ ಗೆರೆ (ಹತ್ತರಲ್ಲಿ ಒಂಬತ್ತು ಸಲ ಬಿಒಡಿ ದಾಟದ ಮಟ್ಟ) ತೆಗೆದು, ಅದು 30 ದಾಟಿದರೆ ಗಂಟೆ ಬಾರಿಸಲಿ. ಆರ್-ಸ್ಕ್ವೇರ್ ಬಿಟ್ಟು, ನಿಜವಾಗಿ 30 ದಾಟಿದ ದಿನಗಳಲ್ಲಿ ಎಷ್ಟು ಹಿಡಿಯಿತು, ಎಷ್ಟು ಸಲ ಸುಮ್ಮನೆ ಕೂಗಿತು, ಎರಡನ್ನೂ ಎಣಿಸಿ. ಕೂಗಿದ ದಿನ ಮೊದಲು ಡಿಒ, ಬ್ಲೋವರ್ ಮತ್ತು 30 ನಿಮಿಷದ ಸಿಲಿಂಡರ್ ನೋಡಿ, ಅವತ್ತಿನ ಔಟ್‌ಲೆಟ್‌ನಿಂದ ಹೆಚ್ಚುವರಿ ಬಿಒಡಿ ಬಾಟಲಿಯೊಂದನ್ನು ಇಡಿ. ಮಾಡೆಲ್‌ಗೆ ಕೊರತೆ ಇರುವುದೇ ಅಂಥ ದಿನಗಳ ಡೇಟಾ.