ಬೋರ್ಡ್: ಹಲಗೆಯೂ ಅದೇ, ಊಟವೂ ಅದೇ, ಮಂಡಳಿಯೂ ಅದೇ

ಬೋರ್ಡಿಂಗ್ ಸ್ಕೂಲ್, ಬೋರ್ಡಿಂಗ್ ಪಾಸ್, ಬೋರ್ಡ್ ಎಕ್ಸಾಂ. ಈ ಮೂರರಲ್ಲೂ ಇರುವುದು ಒಂದೇ ಬೋರ್ಡಾ, ಇಲ್ಲಾ ಕಿವಿಗೆ ಒಂದೇ ಥರ ಕೇಳಿಸುವ ಮೂರು ಪದಗಳಾ? ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಗೆಳೆಯರೊಬ್ಬರು ಹೀಗೆ ಕೇಳಿದರು. ಜೊತೆಗೆ ಇನ್ನೊಂದು ಪ್ರಶ್ನೆ: ಎಲ್ಲಕ್ಕೂ ಹೊಂದುವ ಒಂದೇ ಕನ್ನಡ ಪದ ಇದೆಯಾ? ಮೊದಲನೆಯದಕ್ಕೆ ನನ್ನ ಉತ್ತರ, ಮೂರೂ ಒಂದೇ ಪದ. ಎರಡನೆಯದಕ್ಕೆ ಉತ್ತರ, ಇಲ್ಲ. ಆದರೆ ಕನ್ನಡದಲ್ಲೂ ಇದೇ ದಾರಿ ಹಿಡಿದು ಬೆಳೆದ ಪದ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಅಂದರೆ ಸೀಳಿದ ಮರದ ಹಲಗೆ. ಅದೇ ಪದಕ್ಕೆ ಊಟದ ಮೇಜು, ಗುರಾಣಿ, ಹಡಗಿನ ಬದಿ ಎಂಬ ಅರ್ಥಗಳೂ ಇದ್ದವು. ಗುರಾಣಿ ಯಾಕೆ ಅಂದರೆ, ಆ ಕಾಲದ ಗುರಾಣಿಗಳನ್ನು ಮರದ ಹಲಗೆ ಜೋಡಿಸಿಯೇ ಮಾಡುತ್ತಿದ್ದರು. ಸಂಸ್ಕೃತದ ಫಲಕ ಪದಕ್ಕೂ ಹಲಗೆ, ಗುರಾಣಿ ಎರಡೂ ಅರ್ಥ ಉಂಟು. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ಸಂಸ್ಕೃತ, ಆದರೂ ಮರ ಎರಡು ಕಡೆಯೂ ಒಂದೇ ದಾರಿ ತೋರಿಸಿದೆ.

ಹಡಗಿನ ಬದಿಯ ವಿಷಯ ಮಾತ್ರ ಸ್ವಲ್ಪ ತೊಡಕಿನದು. ಇಂಗ್ಲಿಷಿಗಿಂತ ಹಿಂದಿನ ಜರ್ಮ್ಯಾನಿಕ್ ಭಾಷೆಯಲ್ಲಿ ಹಲಗೆಗೆ ಒಂದು ಪದ, ಅಂಚಿಗೆ ಇನ್ನೊಂದು ಪದ ಇತ್ತು ಎಂದು ಭಾಷಾಶಾಸ್ತ್ರದವರು ಹೇಳುತ್ತಾರೆ. ಎರಡರ ರೂಪವೂ ಹೆಚ್ಚು ಕಡಿಮೆ ಒಂದೇ. ಹಡಗಿನ ಬದಿ ಅದರ ಅಂಚೂ ಹೌದು, ಹಲಗೆಯಿಂದ ಕಟ್ಟಿದ್ದೂ ಹೌದು. ಹಾಗಾಗಿ ಎರಡು ಪದ ಬೆರೆತು ಒಂದೇ ಆಗಿಬಿಟ್ಟವು. ಈ ಅಂಚಿನ ಬೋರ್ಡ್ ಫ್ರೆಂಚಿಗೂ ಹೋಯಿತು. ಅಲ್ಲಿಂದ ಬಾರ್ಡರ್ ಎಂಬ ರೂಪದಲ್ಲಿ ಇಂಗ್ಲಿಷಿಗೆ ಬಂತು. ನಾವು ಸೀರೆ ಅಂಗಡಿಯಲ್ಲಿ 'ದೊಡ್ಡ ಬಾರ್ಡರ್‌ದು ತೋರಿಸಿ' ಅನ್ನುತ್ತೇವಲ್ಲ, ಅದೇ ಬಾರ್ಡರ್. ನಮ್ಮದೇ ಆದ ಅಂಚು ಇದೆ, ಉತ್ತರ ಕರ್ನಾಟಕದಲ್ಲಿ ದಡಿ ಇದೆ. ಇಳಕಲ್ ಸೀರೆಯ ದಡಿ ಅಂದರೆ ಅಲ್ಲಿಯವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಬೋರ್ಡಿಂಗ್ ಪಾಸ್ ಹುಟ್ಟಿದ್ದು ಈ ಹಡಗಿನ ಬದಿಯಿಂದ. ಬದಿ ದಾಟಿ ಒಳಗೆ ಹೋದರೆ ಆನ್ ಬೋರ್ಡ್. ಬದಿ ದಾಟಿ ನೀರಿಗೆ ಬಿದ್ದರೆ ಓವರ್‌ಬೋರ್ಡ್. ಹಡಗಿಗೆ ಹುಟ್ಟಿದ ಮಾತು ಆಮೇಲೆ ರೈಲಿಗೆ ಬಂತು, ಬಸ್ಸಿಗೆ ಬಂತು, ಕೊನೆಗೆ ವಿಮಾನಕ್ಕೂ ಬಂತು. ಇಲ್ಲಿ ಸ್ಟಾರ್‌ಬೋರ್ಡ್ ಎಂಬ ಪದದ ಬಗ್ಗೆ ಹೇಳಲೇಬೇಕು. ಹಡಗಿನ ಬಲಬದಿಗೆ ಈ ಹೆಸರು. ನಕ್ಷತ್ರಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಅದು ಸ್ಟೀರ್ ಬೋರ್ಡ್, ಅಂದರೆ ಚುಕ್ಕಾಣಿ ಇರುವ ಬದಿ. ಉತ್ತರ ಯುರೋಪಿನ ಹಳೆಯ ಹಡಗುಗಳಲ್ಲಿ ಚುಕ್ಕಾಣಿ ಈಗಿನಂತೆ ಹಿಂಭಾಗದ ನಡುವೆ ಇರಲಿಲ್ಲ. ದೊಡ್ಡ ಹುಟ್ಟಿನಂಥ ಒಂದು ಮರವನ್ನು ಹಿಂಭಾಗದ ಬಲಬದಿಗೆ ಕಟ್ಟುತ್ತಿದ್ದರು. ಜಾಸ್ತಿ ಜನ ಬಲಗೈಯವರು, ಅದಕ್ಕೆ. ಹೀಗಿರುವಾಗ ಹಡಗನ್ನು ಬಲಬದಿಯಿಂದ ದಡಕ್ಕೆ ತಾಗಿಸಿದರೆ ಚುಕ್ಕಾಣಿ ಮುರಿಯುತ್ತದೆ, ಅಲ್ವಾ? ಅದಕ್ಕೇ ಎಡಬದಿಯನ್ನು ದಡಕ್ಕೆ ಒರಗಿಸಿ ಸರಕು ಹೇರುತ್ತಿದ್ದರು. ಆ ಹೇರುವ ಬದಿಗೆ ಲಾರ್‌ಬೋರ್ಡ್ ಎಂಬ ಹೆಸರು ನಿಂತಿತು. ಗಾಳಿಯಲ್ಲಿ ಕೂಗಿ ಹೇಳುವಾಗ ಸ್ಟಾರ್‌ಬೋರ್ಡ್ ಯಾವುದು, ಲಾರ್‌ಬೋರ್ಡ್ ಯಾವುದು ಎಂದು ಗೊಂದಲ ಆಗುತ್ತಿತ್ತು. ಹಾಗಾಗಿ ಬ್ರಿಟಿಷ್ ನೌಕಾಪಡೆ 1844ರಲ್ಲಿ ಲಾರ್‌ಬೋರ್ಡ್ ಬಿಟ್ಟು ಪೋರ್ಟ್ ಅನ್ನಬೇಕು ಎಂದು ಆದೇಶ ಹೊರಡಿಸಿತು. ಅಮೆರಿಕದ ನೌಕಾಪಡೆ 1846ರಲ್ಲಿ ಅದನ್ನೇ ಮಾಡಿತು. ಇವತ್ತಿಗೂ ನಾವು ವಿಮಾನವನ್ನು ಎಡಬದಿಯ ಬಾಗಿಲಿನಿಂದಲೇ ಹತ್ತುತ್ತೇವೆ. ಹಡಗಿನ ಕಾಲದ ರೂಢಿಯೇ ಮುಂದುವರಿದಿದೆ ಎಂದು ಹೇಳುವವರಿದ್ದಾರೆ.

ಇನ್ನು ಬೋರ್ಡಿಂಗ್ ಸ್ಕೂಲ್. ಇದು ಊಟದಿಂದ ಬಂದದ್ದು. ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಊಟಕ್ಕೆ ಅಂತ ಕಾಯಂ ಮೇಜು ಇರುವುದು ಕಡಿಮೆ. ಊಟದ ಹೊತ್ತಿಗೆ ಕಾಲುಗಳನ್ನು ನಿಲ್ಲಿಸಿ, ಮೇಲೆ ಉದ್ದನೆಯ ಹಲಗೆ ಇಡುತ್ತಿದ್ದರು. ಊಟ ಮುಗಿದ ಮೇಲೆ ಎರಡನ್ನೂ ತೆಗೆದು ಗೋಡೆಗೆ ಒರಗಿಸುತ್ತಿದ್ದರು. ನಮ್ಮ ಮದುವೆ ಛತ್ರಗಳಲ್ಲಿ ಕಬ್ಬಿಣದ ಕಾಲಿನ ಮೇಲೆ ಪ್ಲೈವುಡ್ ಹಾಸಿ, ಅದರ ಮೇಲೆ ಪೇಪರ್ ರೋಲ್ ಎಳೆಯುತ್ತಾರಲ್ಲ, ಹೆಚ್ಚು ಕಡಿಮೆ ಹಾಗೇ. ಹಲಗೆ ಹಾಕಿದರೆ ಊಟ ಎಂದು ಅರ್ಥ. ಹಾಗಾಗಿ ಹಲಗೆಯ ಹೆಸರೇ ಊಟಕ್ಕೆ ಬಂತು. ಬೆಡ್ ಅಂಡ್ ಬೋರ್ಡ್ ಅಂದರೆ ಮಲಗಲು ಜಾಗ ಮತ್ತು ಊಟ. ದುಡ್ಡು ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಉಳಿದು ಉಣ್ಣುವವನು ಬೋರ್ಡರ್. ಊಟ ಹಾಕಿ ಇಟ್ಟುಕೊಳ್ಳುವ ಶಾಲೆ ಬೋರ್ಡಿಂಗ್ ಸ್ಕೂಲ್.

ನಮ್ಮ ಹೋಟೆಲುಗಳ ಮೇಲೆ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂದು ಬರೆದಿರುವುದನ್ನು ಎಲ್ಲರೂ ನೋಡಿದ್ದೇವೆ. ಎರಡೂ ರೂಮಿಗೇ ಸಂಬಂಧಿಸಿದ್ದು ಅಂದುಕೊಂಡವರು ಬಹಳ ಜನ. ಬೋರ್ಡಿಂಗ್ ಅಂದರೆ ಊಟ, ಲಾಡ್ಜಿಂಗ್ ಅಂದರೆ ವಸತಿ. ಬೋರ್ಡಿಂಗ್ ಸ್ಕೂಲಿಗೆ ನಾವು ಮಾಡಿಕೊಂಡ ವಸತಿ ಶಾಲೆ ಎಂಬ ಪದದಲ್ಲೂ ಲಾಡ್ಜಿಂಗ್ ಬಂದಿದೆ, ಬೋರ್ಡಿಂಗ್ ಬಿಟ್ಟುಹೋಗಿದೆ. ಪದ ಚೆನ್ನಾಗಿಯೇ ಇದೆ, ನಿಂತೂ ಬಿಟ್ಟಿದೆ. ಬದಲಾಯಿಸಿ ಎಂದು ನಾನು ಹೇಳುವುದಿಲ್ಲ.

ಆದರೆ ಇಲ್ಲಿ ಉತ್ತರ ಕರ್ನಾಟಕದ ಮಠಗಳಿಗೆ ಒಂದು ದೊಡ್ಡ ಸಲಾಂ ಹೇಳಬೇಕು. ಹಳ್ಳಿಯ ಬಡ ಹುಡುಗರು ಪೇಟೆಗೆ ಬಂದು ಓದಲಿ ಎಂದು ಮಠಗಳು ಉಚಿತ ಊಟ, ವಸತಿಯ ವ್ಯವಸ್ಥೆ ಮಾಡಿದವು. ಅವನ್ನು ಜನ ಆಡುಮಾತಿನಲ್ಲಿ ಫ್ರೀ ಬೋರ್ಡಿಂಗ್ ಅಂದರು. ಮಠದವರು ಇಟ್ಟ ಹೆಸರು ಉಚಿತ ಪ್ರಸಾದ ನಿಲಯ. ಬೋರ್ಡ್ ಪದದೊಳಗೆ ಇರುವ ಊಟವನ್ನು ಇಷ್ಟು ಸರಿಯಾಗಿ ಹಿಡಿದ ಅನುವಾದವನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಅದರಲ್ಲಿ ಅನ್ನಕ್ಕೆ ಗೌರವವೂ ಸೇರಿದೆ. ಉಣ್ಣುವ ಹುಡುಗ ಯಾರ ಹಂಗಿಗೂ ಬಿದ್ದ ಹಾಗೆ ಕೇಳಿಸುವುದಿಲ್ಲ. ಧಾರವಾಡದ ಕಡೆ ಓದಿದ ಹಿರಿಯರು 'ನಾವು ಪ್ರಸಾದ ನಿಲಯದಾಗ ಇದ್ದು ಕಲಿತವ್ರು' ಎಂದು ಹೆಮ್ಮೆಯಿಂದ ಹೇಳುವುದನ್ನು ಈಗಲೂ ಕೇಳಬಹುದು. ಇದಕ್ಕೆ ಹತ್ತಿರದ ಇನ್ನೊಂದು ಪದ ವಾರಾನ್ನ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಅದು ಲಾಡ್ಜಿಂಗ್ ಇಲ್ಲದ ಬೋರ್ಡಿಂಗ್.

ಊಟದ ಹಲಗೆಯ ಪಕ್ಕದಲ್ಲೇ ಇನ್ನೊಂದು ಹಲಗೆ ಇರುತ್ತಿತ್ತು. ಅದರ ಮೇಲೆ ಬಟ್ಟಲು, ಲೋಟ ಜೋಡಿಸುತ್ತಿದ್ದರು. ಅದೇ ಕಪ್‌ಬೋರ್ಡ್. ಬಾಗಿಲು ಬಂದದ್ದು ಎಷ್ಟೋ ಕಾಲದ ಮೇಲೆ. ನಮ್ಮ ಕಪಾಟು ಇದರಿಂದಲೇ ಬಂತು ಎಂದು ಕೆಲವರು ಹೇಳುವುದುಂಟು. ಕೇಳಲು ಒಂದೇ ಥರ ಇದೆ, ಅಷ್ಟೇ. ಕಪಾಟು ಸಂಸ್ಕೃತದ ಕಪಾಟದಿಂದ ಬಂದದ್ದು, ಅದಕ್ಕೆ ಬಾಗಿಲು ಎಂದು ಅರ್ಥ. ಒಡವೆ, ಸೀರೆ ಇಡುವ ಬೀರು ಮಾತ್ರ ಯುರೋಪಿನದೇ. ಅದು ಬ್ಯೂರೋ.

ಬ್ಯೂರೋ ಬಂದಿದ್ದರಿಂದ ಮಂಡಳಿಯ ಬೋರ್ಡಿಗೆ ಹೋಗುವುದು ಸುಲಭ. ಫ್ರೆಂಚಿನಲ್ಲಿ ಬ್ಯೂರೋ ಮೊದಲು ಮೇಜಿನ ಮೇಲೆ ಹಾಸುವ ಒರಟು ಬಟ್ಟೆ, ಆಮೇಲೆ ಮೇಜು, ಆಮೇಲೆ ಮೇಜು ಇರುವ ಕೋಣೆ, ಕಡೆಗೆ ಇಲಾಖೆ. ಬ್ಯಾಂಕ್ ಅಂದರೆ ಹಣ ವಿನಿಮಯ ಮಾಡುವವರು ಕೂರುತ್ತಿದ್ದ ಬೆಂಚು. ಬೋರ್ಡೂ ಹಾಗೇ. ಮೇಜಿನ ಸುತ್ತ ಕೂತು ತೀರ್ಮಾನ ಮಾಡುವವರಿಗೆ ಮೇಜಿನ ಹೆಸರೇ ಅಂಟಿಕೊಂಡಿತು. ಬೋರ್ಡ್ ಆಫ್ ಡೈರೆಕ್ಟರ್ಸ್, ಎಕ್ಸಾಂ ಬೋರ್ಡ್, ಕ್ರಿಕೆಟ್ ಬೋರ್ಡ್ ಎಲ್ಲ ಇದೇ ಮೇಜಿನವು. ಕೋರ್ಟಿನ ಬೆಂಚಿಗೆ ನಾವು ನ್ಯಾಯಪೀಠ ಎಂದೆವು, ಕೂರುವ ಸಾಮಾನೇ ಬಂತು. ಆದರೆ ಬೋರ್ಡಿಗೆ ಮೇಜು, ಹಲಗೆ ಅನ್ನಲಿಲ್ಲ, ಮಂಡಳಿ ಎಂದೆವು. ಮಂಡಲ ಅಂದರೆ ವೃತ್ತ. ಇಂಗ್ಲಿಷಿನವರು ನಡುವಿನ ಮೇಜು ನೋಡಿದರು, ನಾವು ಸುತ್ತ ಕೂತ ಜನರನ್ನು ನೋಡಿದೆವು. ಅದಕ್ಕೇ ಗೃಹ ಮಂಡಳಿ, ಜಲಮಂಡಳಿಯ ಜೊತೆಗೆ ಭಜನಾ ಮಂಡಳಿ, ಯಕ್ಷಗಾನ ಮಂಡಳಿಯೂ ನಮ್ಮಲ್ಲಿ ಸಲೀಸಾಗಿ ಬಾಳುತ್ತವೆ. ಇಂಗ್ಲಿಷಿನಲ್ಲಿ ಭಜನೆಗೆ ಬೋರ್ಡ್ ಹೊಂದುವುದಿಲ್ಲ.

ಮಾತಿನಲ್ಲಿ ಮಾತ್ರ ಬೋರ್ಡ್ ಗಟ್ಟಿಯಾಗಿ ಕೂತಿದೆ. ತಾಲೂಕು ಬೋರ್ಡಿನ ಕಾಲ ಮುಗಿದು ಎಷ್ಟೋ ವರ್ಷವಾದರೂ ಹಳಬರ ಬಾಯಲ್ಲಿ ಅದು ಹೋಗಿಲ್ಲ. ವಿದ್ಯುತ್ ಮಂಡಳಿ, ಅಂದರೆ ಕೆಇಬಿ, 1999ರಲ್ಲಿ ಕೆಪಿಟಿಸಿಎಲ್ ಆಯಿತು. ಬೆಂಗಳೂರಿನ ಕಡೆ 2002ರಲ್ಲಿ ಬೆಸ್ಕಾಂ ಬಂತು. ಕರೆಂಟ್ ಹೋದರೆ ಜನ ಈಗಲೂ ಹೇಳುವುದು 'ಕೆಇಬಿಯವರಿಗೆ ಫೋನ್ ಮಾಡು' ಎಂದೇ.

ಇಂಗ್ಲಿಷಿನ ಅಕ್ಕಪಕ್ಕದ ಭಾಷೆಗಳಲ್ಲಿ ಈ ಪದ ಬೇರೆ ಬೇರೆ ಕಡೆ ನಿಂತಿರುವುದು ನೋಡಲು ಖುಷಿ. ಸ್ವೀಡಿಷಿನಲ್ಲಿ ಅದು ಇವತ್ತಿಗೂ ಮೇಜು. ದೊಡ್ಡ ಹೋಟೆಲುಗಳಲ್ಲಿ ಬಗೆಬಗೆಯ ತಿನಿಸು ಜೋಡಿಸಿಟ್ಟ ಊಟಕ್ಕೆ ಹೇಳುವ ಸ್ಮೋರ್ಗಾಸ್‌ಬೋರ್ಡ್ ಎಂಬ ಪದದ ಕೊನೆಯಲ್ಲಿ ಇರುವುದು ಅದೇ. ಡಚ್ಚರಲ್ಲಿ ಬೋರ್ಡ್ ಅಂದರೆ ಊಟದ ತಟ್ಟೆ, ಜೊತೆಗೆ ನಮ್ಮ ಹಾಗೇ ಫಲಕವೂ ಹೌದು. ಇಂಗ್ಲಿಷಿನ ಟೇಬಲ್ ಕೂಡ ಮೂಲದಲ್ಲಿ ಹಲಗೆಯೇ, ಲ್ಯಾಟಿನ್ನಿನ ಟ್ಯಾಬುಲಾದಿಂದ ಬಂದದ್ದು.

ಡ್ಯಾಶ್‌ಬೋರ್ಡಿನ ಕಥೆ ಚಿಕ್ಕದು. ಕುದುರೆ ಗಾಡಿಯಲ್ಲಿ ಗೊರಸಿನಿಂದ ಹಾರುವ ಕೆಸರು ಕೂತವರಿಗೆ ಸಿಡಿಯದಿರಲಿ ಎಂದು ಮುಂದೆ ಕಟ್ಟುತ್ತಿದ್ದ ಹಲಗೆ ಅದು. ಕಾರಿಗೆ ಬಂದಾಗ ಮೀಟರುಗಳ ಜಾಗ ಆಯಿತು. ಈಗ ಆಫೀಸಿನ ಕಂಪ್ಯೂಟರ್ ಪರದೆಯ ಮೇಲೆ ಅಂಕಿಅಂಶ ತೋರಿಸುತ್ತದೆ. ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಸರ್ಕ್ಯೂಟ್ ಜೋಡಿಸುವ ಬ್ರೆಡ್‌ಬೋರ್ಡ್, ಹಿಂದೆ ನಿಜವಾಗಿಯೂ ಬ್ರೆಡ್ ಕೊಯ್ಯುವ ಹಲಗೆಯೇ ಆಗಿತ್ತು.

ನಾವೂ ಸುಮ್ನೆ ಕೂತಿಲ್ಲ. ಬೋರ್ಡಿಗೆ ನಮ್ಮದೇ ಅರ್ಥಗಳನ್ನು ಸೇರಿಸಿದ್ದೇವೆ. 'ಎಲ್ಲೋ ಬೋರ್ಡ್ ಗಾಡಿ', 'ವೈಟ್ ಬೋರ್ಡ್ ಗಾಡಿ' ಅಂದರೆ ಯಾವುದು ಬಾಡಿಗೆಗೆ ಓಡುವುದು, ಯಾವುದು ಸ್ವಂತದ್ದು ಎಂದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಲಂಡನ್ನಿನಲ್ಲಿ ವೈಟ್ ಬೋರ್ಡ್ ಅಂದರೆ ಕ್ಲಾಸಿನ ಗೋಡೆಯ ಮೇಲಿನದು. ಅಲ್ಲಿಯ ಎಲ್ ಪ್ಲೇಟ್ ನಮ್ಮಲ್ಲಿ ಎಲ್ ಬೋರ್ಡ್. ಬಸ್ಸಿನ ನೆತ್ತಿಯ ಮೇಲಿರುವುದೂ ಬೋರ್ಡ್. 'ಬೋರ್ಡ್ ನೋಡ್ಕೊಂಡು ಹತ್ತು' ಅನ್ನುವುದು ದಿನಾ ಕೇಳುವ ಮಾತು. ಇವುಗಳನ್ನು ತಪ್ಪು ಇಂಗ್ಲಿಷ್ ಎಂದು ತಿದ್ದಲು ಹೋಗಬಾರದು. ಇವು ಈಗ ಕನ್ನಡದ ಬಳಕೆಗಳು.

ಕನ್ನಡದ ಹಲಗೆ ಹಳಗನ್ನಡದಲ್ಲಿ ಪಲಗೆ. ಪಾಲು ಹಾಲಾದಂತೆ ಪಲಗೆ ಹಲಗೆಯಾಯಿತು. ಅದು ಕರಿಹಲಗೆಯಾಗಿ ಶಾಲೆಗೆ ಹೋಯಿತು. ಬಾಗಲಕೋಟೆ ಕಡೆ ಹೋಳಿಯಲ್ಲಿ ಬಾರಿಸುವ ಹಲಗಿಯೂ ಇದೆ. ಆದರೆ ಹಲಗೆ ಯಾವತ್ತೂ ಊಟ ಆಗಲಿಲ್ಲ, ಗೌರವವೂ ಆಗಲಿಲ್ಲ. ಆ ದಾರಿ ಹಿಡಿದದ್ದು ಮಣೆ.

ಮಣೆಯನ್ನು ಸ್ವಲ್ಪ ನೋಡಿ. ಊಟಕ್ಕೆ ಕೂರುವುದು ಮಣೆ ಮೇಲೆ. ಮದುವೆಗೆ ಹಸೆಮಣೆ. ತರಕಾರಿ ಹೆಚ್ಚಲು ಈಳಿಗೆ ಮಣೆ, ಚಪಾತಿ ಲಟ್ಟಿಸಲು ಚಪಾತಿ ಮಣೆ. ಆಡಲು ಅಳಗುಳಿ ಮಣೆ, ತುಳುನಾಡಿನಲ್ಲಿ ಚೆನ್ನೆಮಣೆ. ಅಂದರೆ ಕೂರುವ ಹಲಗೆ, ಅಡುಗೆಯ ಹಲಗೆ, ಆಟದ ಹಲಗೆ, ಎಲ್ಲ ಒಂದೇ ಪದದಲ್ಲಿ. ಇಂಗ್ಲಿಷಿನವರ ಬ್ರೆಡ್‌ಬೋರ್ಡ್, ಚೆಸ್‌ಬೋರ್ಡ್ ಇದ್ದ ಹಾಗೆ. ಅಷ್ಟಕ್ಕೇ ನಿಲ್ಲಲಿಲ್ಲ. ಬಂದ ನೆಂಟರಿಗೆ ಮಣೆ ಹಾಕುವುದು ಮರ್ಯಾದೆ. ಹಾಗಾಗಿ ಮಣೆ ಹಾಕು ಅಂದರೆ ಪ್ರಾಶಸ್ತ್ಯ ಕೊಡು ಎಂದಾಯಿತು. ಚುನಾವಣೆ ಬಂದರೆ ಪೇಪರಿನಲ್ಲಿ 'ಹೊಸಮುಖಗಳಿಗೆ ಮಣೆ' ಎಂಬ ತಲೆಬರಹ ತಪ್ಪದೆ ಬರುತ್ತದೆ. ಹಸೆಮಣೆ ಏರಿದರು ಅಂದರೆ ಮದುವೆಯಾದರು ಎಂದೇ ಅರ್ಥ, ಕಲ್ಯಾಣ ಮಂಟಪದಲ್ಲಿ ಕುರ್ಚಿ ಮೇಲೆ ಕೂತಿದ್ದರೂ ಸರಿ.

ಮಣೆಗೆ ಜೀವ ಇದೆ ಎಂಬುದಕ್ಕೆ ಕೀಲಿಮಣೆಯೇ ಸಾಕ್ಷಿ. ಕೀಬೋರ್ಡಿಗೆ ಈ ಪದ ಮಾಡಿದವರು ಯಾರೇ ಆಗಲಿ, ಅವರಿಗೆ ಕನ್ನಡದ ಕಿವಿ ಇತ್ತು. ಕೀಲಿ ಅಂದರೆ ಬೀಗ, ಒತ್ತುವ ಗುಂಡಿಗೆ ಅದು ಹೊಂದುವುದಿಲ್ಲ ಎಂದು ಕೆಲವರ ತಕರಾರಿದೆ. ತಕರಾರಿನಲ್ಲಿ ಹುರುಳಿದೆ. ಆದರೂ ಮಣೆ ಎಷ್ಟು ಸರಿಯಾಗಿ ಕೂತಿದೆ ಅಂದರೆ ಕೀಲಿಯ ಕೊರತೆಯನ್ನು ಅದು ಮುಚ್ಚಿಬಿಟ್ಟಿದೆ. ಕೀಫಲಕ ಅಥವಾ ಕುಂಜಿಫಲಕ ಅಂದಿದ್ದರೆ ಈ ಹೊತ್ತಿಗೆ ಯಾರೂ ಬಳಸುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಹಾಗಾಗಿ ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ಬೋರ್ಡ್ ಕಂಡ ಕೂಡಲೇ ಫಲಕ ಎಂದು ಬರೆಯಬೇಡಿ. ಅದು ಮೇಜಿನಿಂದ ಬಂತಾ, ಹಡಗಿನ ಬದಿಯಿಂದ ಬಂತಾ, ಬರೀ ಹಲಗೆಯಾ, ನೋಡಿ. ಜನ ಕೂತಿದ್ದರೆ ಮಂಡಳಿ, ಬರಹ ಇದ್ದರೆ ಫಲಕ, ಕೈ ಆಡುತ್ತಿದ್ದರೆ ಮಣೆ. ಊಟ ಇದ್ದರೆ ಊಟ ಎಂದೇ ಬರೆಯಿರಿ.

ನನಗೆ ಉತ್ತರ ಸಿಗದೆ ಉಳಿದಿರುವುದು ಬೋರ್ಡಿಂಗ್ ಪಾಸ್, ಬೋರ್ಡಿಂಗ್ ಪಾಯಿಂಟ್. ಹತ್ತುವ ಚೀಟಿ, ಹತ್ತುವ ಜಾಗ ಅಂದರೆ ಅರ್ಥ ಆಗುತ್ತದೆ. ಆದರೆ ಇನ್ನೂ ಸಲೀಸಾದ ಮಾತು ಇರಬಹುದು. ಕಾರವಾರ, ಹೊನ್ನಾವರ, ಮಲ್ಪೆಯ ಕಡೆಯವರು ದೋಣಿ ಹತ್ತುವುದಕ್ಕೆ, ಮೀನುಗಾರಿಕೆಗೆ ಹೊರಡುವಾಗ ಜನರನ್ನು ಹತ್ತಿಸಿಕೊಳ್ಳುವುದಕ್ಕೆ ಏನನ್ನುತ್ತಾರೆ? ದೋಣಿಯ ಎಡ, ಬಲ ಬದಿಗಳಿಗೆ ಕನ್ನಡದಲ್ಲಾಗಲಿ ಕೊಂಕಣಿ, ತುಳುವಿನಲ್ಲಾಗಲಿ ಬೇರೆ ಬೇರೆ ಹೆಸರುಗಳಿವೆಯಾ? ಗೊತ್ತಿದ್ದವರು ದಯವಿಟ್ಟು ಊರಿನ ಹೆಸರು ಸೇರಿಸಿ ಬರೆಯಿರಿ. ಮನೆಯ ಹಿರಿಯರು ಬಾಯಿಮಾತಿನಲ್ಲಿ ಹೇಳಿದ್ದನ್ನು ಇದ್ದ ಹಾಗೇ ಬರೆದರೆ ಇನ್ನೂ ಒಳ್ಳೆಯದು.